ಕಲ್ಲು ನಿಲ್ಲಿಸುವ ಹೆಸರು

ಕಾಕಿ ತೀರಿಹೋಗಿ ಒಂದು ತಿಂಗಳಾಯಿತು. ನನಗೆ ಆಕೆ ಸಂಬಂಧದಿಂದ ಏನೂ ಆಗಬೇಕಾಗಿರಲಿಲ್ಲ. ಗೋದೌಲಿಯಾದಿಂದ ಘಾಟಿನ ಕಡೆ ಇಳಿಯುವ ಗಲ್ಲಿಯೊಂದರಲ್ಲಿ, ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಪಿಂಡ, ತರ್ಪಣ ಮಾಡಿಸುವ ಪುರೋಹಿತರ ಮನೆಯ ಹಿರಿಯಾಕೆ. ಕಾಶಿಯಲ್ಲಿರುವ ನಾವು ನಾಲ್ಕಾರು ಕನ್ನಡದವರು, ಡಾಕ್ಟರುಗಳು, ಮಾಸ್ತರುಗಳು, ಎಲ್ಲರೂ ಆಕೆಯನ್ನು ಕಾಕಿ ಅಂತಲೇ ಕರೆಯುತ್ತಿದ್ದೆವು. ಮಗ, ಸೊಸೆ ಅಮ್ಮ ಅನ್ನುತ್ತಿದ್ದರು, ಮೊಮ್ಮಗಳು ಅಜ್ಜಿ ಅನ್ನುತ್ತಿದ್ದಳು. ಆಕೆಯ ಹೆಸರು ಈ ಬರಹದಲ್ಲಿ ಬರುವುದಿಲ್ಲ. ಮರ್ಯಾದೆಗಾಗಿ ಮುಚ್ಚಿಟ್ಟಿದ್ದೇನೆ ಅಂದುಕೊಳ್ಳಬೇಡಿ. ಕಾರಣ ಬೇರೆ ಇದೆ, ಅದು ಹೇಳಿಕೊಳ್ಳುವಂಥದ್ದೂ ಅಲ್ಲ. ಆದರೂ ಹೇಳಲಿಕ್ಕೇ ಕೂತಿದ್ದೇನೆ.

ನಾನು ಧಾರವಾಡದವಳು. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಬಗ್ಗೆ ಪಾಠ ಹೇಳುತ್ತೇನೆ. ಹದಿಮೂರು ವರ್ಷದ ಹಿಂದೆ ಬಂದಾಗ ಮೊದಲ ಮೂರು ತಿಂಗಳು ಲಂಕಾ ಅನ್ನುವ ಬಡಾವಣೆಯ ಕಡೆಗಿನ ಗೇಟಿನ ಮುಂದಿನ ಹೋಟೆಲುಗಳಲ್ಲಿ ಕಚೋರಿ ತಿಂದೂ ತಿಂದೂ ಹೊಟ್ಟೆ ಕೆಟ್ಟು, ಕನಸಿನಲ್ಲೂ ಜೋಳದ ರೊಟ್ಟಿ ಬರಲಿಕ್ಕೆ ಶುರುವಾಗಿತ್ತು. ನಮ್ಮ ವಿಭಾಗದ ಒಬ್ಬರು ಈ ಮನೆಯ ದಾರಿ ಹೇಳಿದರು. ಗಲ್ಲಿಯಲ್ಲಿ ನಾಲ್ಕು ಸಲ ದಾರಿ ತಪ್ಪಿ, ಒಂದು ಎಮ್ಮೆಗೆ ದಾರಿ ಬಿಟ್ಟು, ಬೆವತು ಹೋಗಿ ನಿಂತಾಗ ಒಳಗಿನಿಂದ ಘರ್ ಘರ್ ಅನ್ನುವ ಸಪ್ಪಳ, ಅದರ ಮೇಲೆ ಒಂದು ಹಾಡು.

"ತವರೂರ ಜೋಳವ್ವ, ಕಾಶೀಗಿ ಬಂದೆಲ್ಲ,
ದೂರೇನ ಆತ ಹೇಳವ್ವಾ, ನಿನಗಿಂತ
ನಾ ಮೊದಲ ಬಂದ ಕುಂತೀನಿ."

ಬಾಗಿಲಲ್ಲೇ ನಿಂತು ಅತ್ತೆ ನಾನು. ನಾಚಿಕೆಯ ವಿಷಯ ಮುಂದೆ ಬಹಳ ಇದೆ, ಈ ಅಳು ಮಾತ್ರ ನನಗೆ ನಾಚಿಕೆ ತರುವುದಿಲ್ಲ.

"ಯಾರವಾ ನೀ? ಅಳೂದಿದ್ರ ಒಳಗ ಬಂದು ಅಳು. ಬಾಗಲದಾಗ ನಿಂತು ಅತ್ರ ಯಾತ್ರಿಕರು ಹೆದರಿ ಓಡಿ ಹೋಗ್ತಾರ," ಅಂದಳು ಕಾಕಿ. ಕಲ್ಲು ನಿಲ್ಲಿಸಲಿಲ್ಲ. ಎಡಗೈಯಲ್ಲಿ ಜೋಳ ಹಾಕುತ್ತಾ ಬಲಗೈಯಲ್ಲಿ ಗೂಟ ತಿರುಗಿಸುತ್ತಾ ಮೇಲಿಂದ ಕೆಳಗೆ ನನ್ನನ್ನು ನೋಡಿ, "ರೊಟ್ಟಿಗೆ ಬಂದೀಯಲ್ಲ? ಮಾರಿ ನೋಡಿದ್ರ ಗೊತ್ತಾಗ್ತದ," ಅಂದಳು.

ವಿಜಾಪುರದ ಕಡೆಯಿಂದ ಲಗ್ನವಾಗಿ ಬರುವಾಗ ರೈಲಿನಲ್ಲಿ ತಂದ ಬೀಸುಕಲ್ಲು ಅದು. ಮಿಕ್ಸರ್ ಇತ್ತು, ಗಲ್ಲಿಯ ತುದಿಗೆ ಹಿಟ್ಟಿನ ಗಿರಣಿಯೂ ಇತ್ತು. ಆದರೆ ಶ್ರಾದ್ಧ ಮಾಡಿಸಲಿಕ್ಕೆ ಬರುವವರು ಊರಿಂದ ಜೋಳದ ಗಂಟು ತಂದುಕೊಟ್ಟರೆ ಆಕೆ ಅದನ್ನು ಕೈಯಾರೆ ಬೀಸಿಯೇ ರೊಟ್ಟಿ ಬಡಿಯಬೇಕು. ಗಿರಣಿ ಹಿಟ್ಟು ಬಿಸಿಯಾಗಿ ಸತ್ತು ಹೋಗಿರ್ತದ ಅನ್ನುತ್ತಿದ್ದಳು. ಹಿಟ್ಟನ್ನು ಹೆಬ್ಬೆಟ್ಟು, ತೋರುಬೆರಳಿನ ನಡುವೆ ತಿಕ್ಕಿ, ಕಣ್ಣು ಮುಚ್ಚಿ, ಹದ ನೋಡುವಳು. ನಾನು ಪ್ರಯೋಗಾಲಯದಲ್ಲಿ ಮಣ್ಣು ತಿಕ್ಕಿ ನೋಡುವುದೂ ಹಾಗೆಯೇ. ಅದನ್ನು ಹೇಳಿದಾಗ ನಕ್ಕು, "ನೀನೂ ನಾನೂ ಒಂದೇ ಕೆಲಸದವ್ರು ಹಂಗಾದ್ರ. ನಿನಗ ಪಗಾರ ಕೊಡ್ತಾರ, ನನಗ ಕೊಡೂದಿಲ್ಲ, ಅಷ್ಟೇ ಫರಕು," ಅಂದಳು. ಅಂದಿನಿಂದ ನನ್ನನ್ನು ಮಾಸ್ತರಬಾಯಿ ಅಂತ ಕರೆಯತೊಡಗಿದಳು.

ಕಾಕಿ ಬೀಸುವಾಗ ಒಬ್ಬಳೇ ಕೂಡುತ್ತಿರಲಿಲ್ಲ. ಎದುರಿಗೆ, ಗೂಟಕ್ಕೆ ಇನ್ನೊಂದು ಕೈ ಹಾಕಿ, ಎದುರು ಮನೆಯ ಹಾಲಿನವಳು ಕೂತಿರುತ್ತಿದ್ದಳು. ನಾವು ಆಕೆಯನ್ನು ಭೌಜಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆವು. ಆಕೆಗೆ ಕನ್ನಡ ಬಾರದು, ಕಾಕಿಯ ಭೋಜಪುರಿ ಬೈಯಲಿಕ್ಕೆ ಮಾತ್ರ ಸಾಕಾಗುವಷ್ಟು. ಆದರೆ ಇಲ್ಲಿಯ ಹೆಣ್ಣುಮಕ್ಕಳಿಗೂ ಬೀಸುವ ಹಾಡುಗಳಿವೆ, ಜತ್‌ಸಾರ್ ಅನ್ನುತ್ತಾರೆ. ಕಾಕಿ ಒಂದು ನುಡಿ ಕನ್ನಡದಲ್ಲಿ ಹಾಡಿದರೆ, ಭೌಜಿ ಅದೇ ಓಟಕ್ಕೆ ಒಂದು ನುಡಿ ಭೋಜಪುರಿಯಲ್ಲಿ ಸೇರಿಸುವಳು. ಇವಳು ತವರಿನ ಜೋಳಕ್ಕೆ ದೂರವಾಯಿತೇನು ಅಂತ ಕೇಳಿದರೆ, ಅವಳು ತನ್ನ ನೈಹರಿನ ದಾರಿ ನೋಡುವಳು. ನೈಹರ್ ಅಂದರೆ ತವರುಮನೆ. ಭೌಜಿಯ ತವರು ಇದ್ದದ್ದು ಗಂಗೆಯ ಆಚೆ ದಂಡೆಯ ರಾಮನಗರದಲ್ಲಿ. "ಸೇತುವಿ ದಾಟಿದ್ರ ತವರುಮನಿ. ಆಟೋದಾಗ ಕೂತ್ರ ಚಾ ಆರೂದ್ರೊಳಗ ಮುಟ್ತಾಳ. ಅದಕ್ಕೂ ಅಳ್ತಾಳ ನೋಡು!" ಅಂತ ಕಾಕಿ ಚೇಷ್ಟೆ ಮಾಡುವಳು. ಆದರೆ ಅಳುವಾಗ ಇಬ್ಬರೂ ಕೂಡಿಯೇ ಅಳುತ್ತಿದ್ದರು.

ಹಾಡಿನ ಕೊನೆಗೆ ಒಂದು ಪದ್ಧತಿ ಇತ್ತು. ಜೋಳ ಮುಗಿಯುತ್ತ ಬಂದಾಗ ಕಾಕಿ ಕಲ್ಲಿನ ಓಟ ನಿಧಾನ ಮಾಡಿ ಹೇಳುವಳು:

"ಹಿಟ್ಟಾತ ಕಲ್ಲವ್ವ, ಹೊಟ್ಟಿ ತುಂಬ್ಯಾವೆಲ್ಲ,
ಕೊಟ್ಟಾಕಿ ಹೆಸರ ಹೇಳೇನ, ಕೇಳವ್ವಾ
ಕೇಳಿ ನೀ ನಿಂತು ದಣಿವಾರ."

ಇಷ್ಟು ಹೇಳಿ, "ಅಂಬಕ್ಕಾ" ಅಂತ ಒಂದೇ ಒಂದು ಸಲ ಕೂಗುವಳು. ಕಲ್ಲು ನಿಲ್ಲುವುದು. ಅಂಬಕ್ಕ ಆಕೆಯ ಸೋದರತ್ತೆ, ಈ ಹಾಡು ಕಲಿಸಿದವಳು. ಯಾರ ಬಾಯಿಂದ ಹಾಡು ಬಂತೋ ಅವರ ಹೆಸರು ಹೇಳದೆ ಕಲ್ಲಿನ ಮೇಲಿಂದ ಕೈ ತೆಗೆಯಬಾರದು. ಭೌಜಿಯೂ ಅದನ್ನು ಕಲಿತಿದ್ದಳು. ಕಾಕಿ ಹೇಳಿದ ಮೇಲೆ ತನ್ನ ನಾನಿಯ ಹೆಸರು ಹೇಳಿಯೇ ಏಳುವಳು. "ಹೇಳಲಿಲ್ಲಂದ್ರ ಏನಾಗ್ತದ ಕಾಕಿ?" ಅಂತ ನಾನೊಮ್ಮೆ ಕೇಳಿದೆ. "ಏನೂ ಆಗೂದಿಲ್ಲ. ಹೇಳದಾಕೀಗೆ ಗೊತ್ತಿರ್ತದ, ಅಷ್ಟೇ," ಅಂದಳು.

ಈ ಹಾಡುಗಳನ್ನೆಲ್ಲ ನಾನು ಫೋನಿನಲ್ಲಿ ಹಿಡಿದಿಟ್ಟುಕೊಂಡೆ. ಸ್ನಾನದ ಮನೆಯಲ್ಲಿ, ಸ್ಕೂಟರಿನ ಮೇಲೆ ಗುನುಗಿ ಗುನುಗಿ ಬಾಯಿಪಾಠವಾದವು. ನನ್ನ ಗಂಟಲು ಕೆಟ್ಟದ್ದೇನಲ್ಲ. ಧಾರವಾಡದಲ್ಲಿ ಸಣ್ಣವಳಿದ್ದಾಗ ನಾಲ್ಕು ವರ್ಷ ಸಂಗೀತ ಕಲಿತಿದ್ದೆ. ಅದೇ ಮುಂದೆ ನನಗೆ ಮುಳುವಾಯಿತು.

ಇಲ್ಲಿ ಬೇಸಿಗೆಯಲ್ಲಿ ಗಂಗೆಯ ದಂಡೆಗೆ ಮೂರು ಸಂಜೆ ಜನಪದ ಸಂಗೀತೋತ್ಸವ ನಡೆಯುತ್ತದೆ. ನೀರು ಇಳಿದು ಮೆಟ್ಟಿಲುಗಳೆಲ್ಲ ಮೇಲೆದ್ದಿರುತ್ತವೆ. ಸೂರ್ಯ ಮುಳುಗಿದ ಮೇಲೂ ಆ ಕಲ್ಲುಗಳ ಮೇಲೆ ಕೂತರೆ ಸೀರೆಯೊಳಗಿಂದ ಬಿಸಿ ತಾಗುತ್ತದೆ. ಒಂದು ವರ್ಷ ನಾನು ಕಾಕಿಯನ್ನು ಕರಕೊಂಡು ಹೋದೆ. ಗಾಜೀಪುರದ ಕಡೆಯ ಬಿರಹಾ ಹಾಡುವ ಮುದುಕ, ನಮ್ಮ ಲಾವಣಿಯವರ ಹಾಗೆ ಕತೆ ಕಟ್ಟಿ ಹೇಳುವವನು, ಎರಡೂ ಕೈಯಲ್ಲಿ ಕಬ್ಬಿಣದ ಕರತಾಳ ಹಿಡಿದು ಹಾಡುತ್ತಿದ್ದ. ನಡುವೆ ಕರೆಂಟು ಹೋಯಿತು. ಮೈಕು ಸತ್ತಿತು, ದೀಪ ಹೋದವು. ಅವನು ನಿಲ್ಲಿಸಲೇ ಇಲ್ಲ. ಕರತಾಳದ ಸಪ್ಪಳ ಇನ್ನೂ ಜೋರಾಯಿತು, ದನಿ ಅದರ ಮೇಲೆ ಏರಿತು, ನದಿಯಲ್ಲಿದ್ದ ದೋಣಿಗಳು ಒಂದೊಂದಾಗಿ ದಂಡೆಗೆ ಬಂದು ನಿಂತವು. ಕರೆಂಟು ಬಂದಾಗ ಯಾರಿಗೂ ಬೇಕಾಗಿರಲಿಲ್ಲ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಕಾಕಿ ಮಾತ್ರ ತಣ್ಣಗೆ, "ಕೈಯಾಗ ಕಬ್ಬಿಣ ಇತ್ತು, ಅದಕ್ಕ ದನಿ ಬೀಳಲಿಲ್ಲ," ಅಂದಳು.

ಅವನ ನಂತರ ಬಂದವಳು ದೊಡ್ಡ ಹೆಸರಿನ ಗಾಯಕಿ. ಮಿಂಚುವ ಸೀರೆ, ಹಿಂದೆ ಹತ್ತು ಜನರ ವಾದ್ಯ. ಹಾಡುತ್ತ ಕೈಗಳನ್ನು ಅತ್ತ ಇತ್ತ ಬೀಸುತ್ತಿದ್ದಳು. ಕಾಕಿಗೆ ತಡೆಯಲಾಗಲಿಲ್ಲ. "ಅಯ್ಯ, ಗಾಳ್ಯಾಗ ಯಾಕ ಬಡೀತಾಳ ಕೈ? ಏನರ ಕೊಡ್ರಿ ಆಕೀ ಕೈಯಾಗ. ಮೆಂತೆ ಸೊಪ್ಪರ ಸೋಸ್ತಾಳ!" ಮುಂದಿನ ಸಾಲಿನವರು ತಿರುಗಿ ನೋಡಿದರು. ಕನ್ನಡ ಯಾರಿಗೂ ತಿಳಿಯಲಿಲ್ಲ, ಪುಣ್ಯ. ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ.

ಕಾಕಿಯ ನಂಬಿಕೆಯೇ ಅದು. ಕೈ ಖಾಲಿ ಇದ್ದರೆ ಹಾಡು ಬಾರದು. ಬೀಸುತ್ತ, ಕೇರುತ್ತ, ಮಜ್ಜಿಗೆ ಕಡೆಯುತ್ತ ಹಾಡುವಳೇ ಹೊರತು ಸುಮ್ಮನೆ ಕೂತು ಹಾಡೆಂದರೆ ಒಂದು ಸಾಲೂ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳುವ ದಾರಿಯೂ ನನಗಿಲ್ಲ.

ಮರುವರ್ಷ ಉತ್ಸವದವರು ನಮ್ಮ ಸಣ್ಣ ಕನ್ನಡ ಸಂಘಕ್ಕೆ ಹದಿನೈದು ನಿಮಿಷ ಕೊಟ್ಟರು. ಸಂಘದ ಕಾರ್ಯದರ್ಶಿ ನಾನೇ. ಕಾಕಿಗೆ ಹೇಳಿದೆ. ಮೊದಲು ಬೈದಳು, ಆಮೇಲೆ ಅಡಿಗೆಮನೆಗೆ ಹೋಗಿ ಹೊರಗೆ ಬಂದಳು, ಮತ್ತೆ ಬೈದಳು. ಒಪ್ಪಿದ್ದು ಆಮೇಲೆ. "ಆದ್ರ ಕಲ್ಲು ಬೇಕು. ಎದುರಿಗೆ ಈಕಿ ಬೇಕು," ಅಂತ ಭೌಜಿಯ ಕಡೆ ಕೈ ಮಾಡಿದಳು. ಮುಂದಿನ ಎರಡು ವಾರ ಆ ಮನೆಯಲ್ಲಿ ಹಬ್ಬವೇ. ಕಲ್ಲಿಗೆ ಉಳಿಯಿಂದ ಚುಚ್ಚು ಹೊಡೆಯುವವನನ್ನು ಹುಡುಕಿಸಿ ಕರೆಸಿ, ಅವನ ಪಕ್ಕದಲ್ಲೇ ಕೂತು, "ಏ ಭೈಯ್ಯಾ, ಜರಾ ಗಹರಾ ಹೊಡಿ, ಹಿಂಗ ಗುದಗುದಿ ಮಾಡಬ್ಯಾಡ," ಆಳಕ್ಕೆ ಹೊಡಿ, ಕಚಗುಳಿ ಇಡಬೇಡ ಅಂತ ಎರಡೂ ಭಾಷೆ ಕಲಸಿ ಬೈದು ಕೆಲಸ ತೆಗೆದುಕೊಂಡಳು. ಆಗ ಒಂಬತ್ತು ವರ್ಷದ ಮೊಮ್ಮಗಳು ಗಲ್ಲಿಯ ತುಂಬ, "ಮೇರೀ ಅಜ್ಜೀ ಸ್ಟೇಜ್ ಪರ್ ಗಾಯೇಗೀ," ಅಂತ ಅಜ್ಜಿ ಹಾಡುವ ಸುದ್ದಿ ಸಾರಿಕೊಂಡು ಬಂದಳು.

ನನ್ನೊಳಗೆ ಆಗ ನಡೆದದ್ದನ್ನು ಹೇಳುತ್ತೇನೆ. ಉತ್ಸವಕ್ಕೆ ವಿಶ್ವವಿದ್ಯಾಲಯದ ದೊಡ್ಡವರೆಲ್ಲ ಬರುವವರಿದ್ದರು. ಹೂವಿನ ಅಲಂಕಾರದ ಆ ವೇದಿಕೆಯ ಮೇಲೆ ಬೀಸುಕಲ್ಲು, ಹಿಟ್ಟು, ಸೆರಗು ಸಿಕ್ಕಿಸಿಕೊಂಡು ಕಾಲು ಚಾಚಿ ಕೂತ ಇಬ್ಬರು ಮುದುಕಿಯರು, ಅದರಲ್ಲಿ ಒಬ್ಬಳು ಸಗಣಿ ವಾಸನೆಯ ಹಾಲಿನವಳು. ಕರ್ನಾಟಕ ಅಂದರೆ ಇಷ್ಟೇ ಏನು ಅಂದಾರು ಅನ್ನಿಸಿತು. ಕನ್ನಡದ ಹಾಡಿನ ನಡುವೆ ಭೋಜಪುರಿ ಯಾಕೆ ಅನ್ನಿಸಿತು. ಇಳಕಲ್ ಸೀರೆ, ತಂಬೂರಿ, ಹಿಂದೆ ಸಾಲಾಗಿ ನಿಂತ ಸಂಘದ ಹೆಂಗಸರು, ಇದು ನನ್ನ ಕಣ್ಣಲ್ಲಿದ್ದ ಚಿತ್ರ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ! ಯಾವ ಸಪ್ಪಳ ಕೇಳಿ ಆ ಬಾಗಿಲಲ್ಲಿ ನಿಂತು ಅತ್ತಿದ್ದೆನೋ ಅದಕ್ಕೇ ನಾಚಿದೆ.

ಕಲ್ಲಿನ ಮಾತನ್ನು ಉತ್ಸವದ ವ್ಯವಸ್ಥಾಪಕರಿಗೆ ಹೇಳಿದ್ದು ಮಾತ್ರ ನಿಜ. ಅವರು ಒಪ್ಪಲಿಕ್ಕಿಲ್ಲ ಅನ್ನುವ ಧೈರ್ಯದಿಂದಲೇ ಹೇಳಿದ್ದೆ. ಆ ಮನುಷ್ಯ ಕುರ್ಚಿಯಿಂದ ಎದ್ದೇ ನಿಂತ. "ಅರೇ ಮೇಡಂ, ಜಾಂತಾ ಲಾಯಿಯೇ! ಯಹೀ ತೋ ಚಾಹಿಯೇ," ಅಂದ. ಜಾಂತಾ ಅಂದರೆ ಬೀಸುಕಲ್ಲು, ತನ್ನಿ, ನಮಗೆ ಬೇಕಾದದ್ದೇ ಅದು ಅಂತ. ತಾನೇ ಠೇಲಾ, ಅಂದರೆ ಕೈಗಾಡಿ, ಕಳಿಸಿ ತರಿಸುತ್ತೇನೆ ಅಂದ. ಅರ್ಜಿಯಲ್ಲಿ ತಂಡದ ಹೆಸರು, ಮುಖ್ಯಸ್ಥರ ಹೆಸರು ಕೇಳಿದ್ದರು. ಸಂಘದ ಹೆಸರು ಬರೆದು ಕೆಳಗೆ ನನ್ನ ಹೆಸರು ಬರೆದೆ. ಹಾಡುವವರ ಹೆಸರಿಗೆ ಜಾಗವಿರಲಿಲ್ಲ, ನಾನೂ ಬರೆಯುವ ಗೋಜಿಗೆ ಹೋಗಲಿಲ್ಲ.

ಉತ್ಸವದ ದಿನ ಮಧ್ಯಾಹ್ನ, ಕಾಕಿಗೆ ಸೀರೆ ಉಡಿಸಲಿಕ್ಕೆ ಹೋಗುತ್ತಿದ್ದೆ. ಮನೆ ಸಮೀಪದ ತಿರುವಿನಲ್ಲೇ ಠೇಲಾ ನಿಂತಿತ್ತು, ಇಬ್ಬರು ಆಳುಗಳು ಮನೆ ಕೇಳುತ್ತಿದ್ದರು. ಕಲ್ಲು ಬೇಡವಂತೆ, ಕಾರ್ಯಕ್ರಮ ಬದಲಾಗಿದೆ ಅಂತ ಹೇಳಿ ವಾಪಸು ಕಳಿಸಿದೆ. ಎರಡು ನಿಮಿಷದ ಕೆಲಸ. ಒಳಗೆ ಹೋಗಿ ಕಾಕಿಗೆ, "ಕಲ್ಲು ಒಲ್ಲೆ ಅಂದ್ರು ಕಾಕಿ. ಸ್ಟೇಜ್ ತಡಕೊಳ್ಳೂದಿಲ್ಲಂತ. ಹೊರಗಿನವರನ್ನೂ ಬಿಡೂದಿಲ್ಲಂತ," ಅಂದೆ. ಒಂದೇ ಉಸಿರಿನಲ್ಲಿ ಎರಡು ಸುಳ್ಳು.

ಕಾಕಿ ತೊಳೆದು ಒರೆಸಿಟ್ಟ ಕಲ್ಲಿನ ಮುಂದೆ ಕೂತಿದ್ದಳು. ಒಂದು ಕ್ಷಣ ನನ್ನ ಮುಖ ನೋಡಿದಳು. "ಹಂಗಾರ ನಾ ಯಾಕ ಬರ್ಲಿ?" ಅಂದಳು.

"ನನ್ನ ಮರ್ಯಾದಿ ಪ್ರಶ್ನೆ ಅದ ಕಾಕಿ. ಹೆಸರು ಕೊಟ್ಟಾಗೇದ."

"ನಿನ್ನ ಮರ್ಯಾದಿ," ಅಂದಳು. ಎದ್ದು ಬಂದಳು.

ವೇದಿಕೆಯ ಮೇಲೆ ಆಕೆಯನ್ನು ಕುರ್ಚಿಯ ಮೇಲೆ ಕೂರಿಸಿದೆ. ನನ್ನದೇ ರೇಷ್ಮೆಯ ಇಳಕಲ್ ಸೀರೆ, ಮುಂದೆ ಮೈಕು, ಹಿಂದೆ ನಾವು. ಕಾಕಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ತವರೂರ ಜೋಳವ್ವ" ಅಂದಳು. ದನಿ ಸಣ್ಣದಾಗಿ ಬಂತು. ಬಲಗೈ ತನ್ನಷ್ಟಕ್ಕೆ ಎದ್ದು ಗಾಳಿಯಲ್ಲಿ ಒಂದು ಸುತ್ತು ತಿರುಗಿತು, ಹಿಡಿಯಲಿಕ್ಕೆ ಏನೂ ಸಿಗದೆ ಮತ್ತೆ ತೊಡೆಯ ಮೇಲೆ ಬಿತ್ತು. ಮುಂದಿನ ಸಾಲು ಬರಲಿಲ್ಲ. ಮತ್ತೊಮ್ಮೆ "ತವರೂರ" ಅಂದಳು. ನಿಂತಳು. ಹಿಂದೆ ತಿರುಗಿ ನನ್ನನ್ನು ನೋಡಿದಳು. ಮೆಟ್ಟಿಲುಗಳ ಮೇಲಿಂದ ಯಾರೋ ಸಿಳ್ಳೆ ಹೊಡೆದರು, ಯಾರೋ ನಕ್ಕರು.

ಆಗ ನಾನು ಆಕೆಯ ಪಕ್ಕದಲ್ಲಿ ಕೂತು ಕೈ ಹಿಡಿಯಬಹುದಿತ್ತು. ಕಡೆಗೆ ಒಂದು ಮೊರ ತರಿಸಿಕೊಟ್ಟಿದ್ದರೂ ಹಾಡುತ್ತಿದ್ದಳೇನೋ. ನಾನು ಮಾಡಿದ್ದೇನು? ಮೈಕನ್ನು ನನ್ನ ಕಡೆ ತಿರುಗಿಸಿಕೊಂಡು, ಅಮ್ಮನವರ ತಬಿಯತ್ತು ಸರಿಯಿಲ್ಲ ಅಂತ ಹಿಂದಿಯಲ್ಲಿ ಹೇಳಿ, ನಾನೇ ಹಾಡಿದೆ.

ಚೆನ್ನಾಗಿ ಹಾಡಿದೆ. ಅದೇ ನೋಡಿ ದುಃಖ. ಆಕೆಯ ಉಸಿರು, ಆಕೆಯ ಎಳೆತ, ಕಲ್ಲು ಭಾರವಾದಾಗ ದನಿ ತಗ್ಗುವ ಜಾಗ, ಎಲ್ಲ ನನ್ನ ಗಂಟಲಲ್ಲಿ ಸಿದ್ಧವಾಗಿತ್ತು. ಮೂರನೇ ನುಡಿಗೆ ಮೆಟ್ಟಿಲುಗಳು ನಿಶ್ಶಬ್ದವಾದವು. ಕೊನೆಯ ನುಡಿ ಬಂದಾಗ ಮಾತ್ರ ನನ್ನ ಬಾಯಿ ಲೆಕ್ಕ ಹಾಕಿತು. ಪದ್ಧತಿಯಂತೆ ಹಾಡು ಕೊಟ್ಟವಳ ಹೆಸರು ಹೇಳಬೇಕು. ಹೇಳಿದರೆ ಪಕ್ಕದಲ್ಲಿ ತಲೆ ತಗ್ಗಿಸಿ ಕೂತವಳ ಕಡೆ ಎಲ್ಲರೂ ನೋಡುತ್ತಾರೆ. ಹಾಡು ನನ್ನದಲ್ಲ ಅಂತ ಎಲ್ಲರಿಗೂ ತಿಳಿಯುತ್ತದೆ. ಆ ನುಡಿಯನ್ನೇ ಬಿಟ್ಟೆ. ಮೊದಲ ಸಾಲಿಗೆ ಮರಳಿ, ಸಂಗೀತದ ಮೇಷ್ಟ್ರು ಕಲಿಸಿದ ಒಂದು ತಾನ ಹಾಕಿ ಮುಗಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಶಾಲು ಹೊದಿಸಿದರು. ಕಾಕಿಯೂ ಚಪ್ಪಾಳೆ ತಟ್ಟಿದಳು, ಅದನ್ನು ನಾನು ಕಣ್ಣಾರೆ ನೋಡಿದೆ.

ಮರುದಿನ ಸೀರೆ ಮಡಿಚಿ ಚೀಲದಲ್ಲಿ ಹಾಕಿ ಇಟ್ಟಿದ್ದಳು. ನನಗೆ ರೊಟ್ಟಿ, ಶೇಂಗಾ ಹಿಂಡಿ ಬಡಿಸಿ ಎದುರಿಗೆ ಕೂತು, "ಛಲೋ ಹಾಡಿದಿ, ಮಾಸ್ತರಬಾಯಿ. ಖರೇನ ಛಲೋ ಹಾಡಿದಿ. ಆದ್ರ ಕಲ್ಲು ನಿಲ್ಲಿಸಲಿಲ್ಲ ನೀ. ಇನ್ನೂ ತಿರಗ್ಲಿಕ್ಕೇ ಹತ್ತ್ಯದ ಅದು," ಅಂದಳು.

ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡು ನಕ್ಕೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಆ ಹಾಡಿನ ವಿಡಿಯೋ ಎಲ್ಲ ಕಡೆ ಓಡಾಡಿತು. ಮುಂದಿನ ವರ್ಷವೂ ನನ್ನನ್ನೇ ಕರೆದರು, ಅದರ ಮುಂದಿನ ವರ್ಷವೂ. ಊರ ಕಡೆಯ ಸಮ್ಮೇಳನಗಳಿಂದ ಕರೆ ಬಂತು. ಬೀಸುವ ಹಾಡುಗಳ ಬಗ್ಗೆ ಭಾಷಣ ಮಾಡಿದೆ, ಮಣ್ಣಿನ ಮೇಡಂ ಹೋಗಿ ಹಾಡಿನ ಮೇಡಂ ಆದೆ. ಎಲ್ಲಿಂದ ಸಂಗ್ರಹಿಸಿದಿರಿ ಅಂತ ಯಾರಾದರೂ ಕೇಳಿದರೆ, "ಕಾಶಿಯಲ್ಲಿರುವ ನಮ್ಮ ಹಿರಿಯ ಹೆಣ್ಣುಮಕ್ಕಳಿಂದ," ಅನ್ನುತ್ತಿದ್ದೆ. ಒಬ್ಬಳನ್ನು ಹಲವರಲ್ಲಿ ಕರಗಿಸಿಬಿಡುವುದು ಎಷ್ಟು ಸುಲಭ ಅಂತ ಆಗ ತಿಳಿಯಿತು.

ಮನೆಗೆ ಹೋಗುವುದನ್ನು ಬಿಡಲಿಲ್ಲ. ಕಾಕಿಯೂ ರೊಟ್ಟಿ ಹಾಕುವುದನ್ನು ಬಿಡಲಿಲ್ಲ. ಆದರೆ ಆಕೆ ಬೀಸುವಾಗ ಈಗ ಬರೀ ಘರ್ ಘರ್ ಸಪ್ಪಳ. "ಹಾಡ್ರಿ ಕಾಕಿ," ಅಂದರೆ, "ದಮ್ಮು ಸಾಲೂದಿಲ್ಲವಾ," ಅನ್ನುವಳು. ವಯಸ್ಸಾಯಿತು ಅಂದುಕೊಂಡೆ. ನನ್ನ ಮುಂದೆ ಮಾತ್ರ ಸುಮ್ಮನಿರುತ್ತಾಳೇನೋ ಅನ್ನುವ ಗುಮಾನಿ ಒಮ್ಮೊಮ್ಮೆ ಬರುತ್ತಿತ್ತು. ಹಾಗೆ ಅನ್ನಿಸಿದ ದಿನ ಬೇಗ ಎದ್ದು ಬಂದುಬಿಡುತ್ತಿದ್ದೆ. ಒಮ್ಮೆ ಮಾತ್ರ ಆಕೆ ತಾನಾಗಿ ಕೇಳಿದ್ದುಂಟು: "ಈ ವರ್ಷರ ನಿಲ್ಲಿಸಿದ್ಯೋ ಇಲ್ಲೋ?" ಉತ್ಸವ ಮುಗಿದ ಮರುದಿನ ಅದು. ನಾನು ಯಾವುದೋ ಫೋನು ಬಂದಂತೆ ಎದ್ದು ಹೊರಗೆ ಹೋದೆ.

ಈ ಸಲ ಬೇಸಿಗೆ ಶುರುವಾಗುವಾಗಲೇ ಕಾಕಿ ಹೋದಳು. ಮಧ್ಯಾಹ್ನ ಉಂಡು ಅಡ್ಡಾದವಳು ಏಳಲಿಲ್ಲ. ನಾನು ಪರೀಕ್ಷೆಯ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ವೈಕುಂಠ ಸಮಾರಾಧನೆಯ ಮರುದಿನ ಮೊಮ್ಮಗಳು ಫೋನು ಮಾಡಿದಳು. ಈಗ ಹದಿನೇಳು ವರ್ಷದವಳು, ಲಂಕಾದಲ್ಲಿ ಕೋಚಿಂಗಿಗೆ ಹೋಗುತ್ತಾಳೆ. ಆಕೆಯ ಕನ್ನಡ ಹಿಂದಿಯ ಮೇಲೆ ಒರಗಿಕೊಂಡು ನಡೆಯುತ್ತದೆ. "ಆಂಟಿ, ಇವತ್ತು ಫಸ್ಟ್ ಟೈಮ್ ಅಜ್ಜಿ ಕಲ್ಲು ನಾನು ತಿರಗಸ್ತೀನಿ. ನೀವು ಬರಬೇಕು. ಗಾನಾ ನಿಮ್ಮದೇ ಇದೆಯಲ್ಲ."

ಗಾನಾ ನಿಮ್ಮದೇ. ದಾರಿಯುದ್ದಕ್ಕೂ ಆ ಮಾತು ಕಿವಿಯಲ್ಲಿ ಕಚ್ಚಿಕೊಂಡಿತ್ತು.

ಹೋದಾಗ ಕಲ್ಲಿನ ಒಂದು ಬದಿಗೆ ಹುಡುಗಿ, ಎದುರಿಗೆ ಭೌಜಿ. ಭೌಜಿಗೆ ಈಗ ಬೆನ್ನು ಬಾಗಿದೆ. ಸೊಸೆ ಒಂದು ಬುಟ್ಟಿ ಜೋಳ ತಂದಿಟ್ಟಳು. ನಾನು ಗೋಡೆಗೊರಗಿ ಕೂತೆ. ಹುಡುಗಿ ಗೂಟ ಹಿಡಿದು ಹಾಡಲಿಕ್ಕೆ ಶುರು ಮಾಡಿದಳು. ನನ್ನ ವಿಡಿಯೋದ ಹಾಡು. ನಾನು ಉಸಿರೆಳೆದ ಕಡೆಯೇ ಉಸಿರೆಳೆದಳು. ನನ್ನ ಆ ತಾನವನ್ನೂ ಬಿಡಲಿಲ್ಲ. ಕಲ್ಲು ತಿರುಗಿಸುತ್ತ ಅದನ್ನು ಹಾಕಲಿಕ್ಕೆ ಹೋಗಿ ಕೈ ತಪ್ಪಿ, ಜೋಳ ಚೆಲ್ಲಿ, ನಕ್ಕಳು.

"ಅಜ್ಜಿ ಹಂಗ ಹಾಡ್ತಿರಲಿಲ್ಲ," ಅಂದೆ.

"ಅಜ್ಜಿ ಹಾಡಿದ್ದು ನನಗೆ ಸರಿಯಾಗಿ ಯಾದ್ ಇಲ್ಲ ಆಂಟಿ. ಸ್ಟೇಜಿನ ಆ ದಿನ ಆದಮೇಲೆ ಹಾಡಲೇ ಇಲ್ಲ."

"ನನ್ನ ಮುಂದ ಅಷ್ಟೇ..."

"ಯಾರ ಮುಂದೂ ಇಲ್ಲ."

ಭೌಜಿ ಕಲ್ಲಿನ ಮೇಲಿಂದ ಕಣ್ಣೆತ್ತಲಿಲ್ಲ. "ಠೇಲಾ ತ ಆಯಲ ರಹಲ," ಅಂದಳು. ಠೇಲಾ ಬಂದಿತ್ತಲ್ಲ. ಆ ದಿನ ತನ್ನ ಹೊಸ್ತಿಲಲ್ಲಿ ಕೂತಿದ್ದಳಂತೆ. ನಾನು ಆಳುಗಳಿಗೆ ಹೇಳಿದ್ದು ಕೇಳಿಸಿತಂತೆ. ನನಗಿಂತ ಮೊದಲೇ ಹಿಂದಿನ ಬಾಗಿಲಿಂದ ಓಡಿಹೋಗಿ ಕಾಕಿಗೆ ಹೇಳಿದ್ದಳಂತೆ.

ಶಿವನೇ! ಅಂದರೆ ನಾನು ಸುಳ್ಳು ಹೇಳುವಾಗ ಕಾಕಿಗೆ ಅದು ಸುಳ್ಳೆಂದು ಗೊತ್ತಿತ್ತು. ಗೊತ್ತಿದ್ದೇ ನನ್ನ ಮುಖ ನೋಡಿದಳು. ಗೊತ್ತಿದ್ದೇ ನನ್ನ ಸೀರೆ ಉಟ್ಟು ಬಂದು ಅಷ್ಟು ಜನರ ಮುಂದೆ ಕೂತಳು. ಎಂಟು ವರ್ಷ ನನ್ನ ತಾಟಿಗೆ ರೊಟ್ಟಿ ಹಾಕಿದಳು. ಒಂದು ದಿನವೂ ಬಾಯಿ ಬಿಡಲಿಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಕಾಲು ಹಿಡಿಯುವ ದಾರಿಯನ್ನೂ ಆಕೆ ನನಗೆ ಕೊಡಲಿಲ್ಲ, ನಾನೂ ಹುಡುಕಲಿಲ್ಲ.

ಅಷ್ಟರಲ್ಲಿ ಬುಟ್ಟಿಯ ಜೋಳ ಅರ್ಧಕ್ಕೆ ಬಂದಿತ್ತು. ಅಷ್ಟಕ್ಕೇ ಕೈ ಸೋತು ಹುಡುಗಿ ಓಟ ನಿಧಾನ ಮಾಡಿದಳು. ಕೊನೆಯ ನುಡಿ ನನ್ನ ವಿಡಿಯೋದಲ್ಲಿಲ್ಲ; ಅದನ್ನು ಭೌಜಿ ಕಲಿಸಿದ್ದಳು, ಅರ್ಥವಾಗದ ಕನ್ನಡವನ್ನು ಕಿವಿಯಿಂದ ಕೇಳಿ ಇಟ್ಟುಕೊಂಡಷ್ಟು. "ಕೊಟ್ಟಾಕಿ ಹೆಸರ ಹೇಳೇನ, ಕೇಳವ್ವಾ," ಅಂತ ಹಾಡಿ ಹುಡುಗಿ ನನ್ನ ಕಡೆ ತಿರುಗಿದಳು. ಮುಖದಲ್ಲಿ ಕಪಟವೇ ಇಲ್ಲ. ಹಾಡು ಯಾರಿಂದ ಬಂತೋ ಅವರ ಹೆಸರು. ಆಕೆ ನನ್ನ ಹೆಸರು ಹೇಳಿದಳು.

ಕಲ್ಲು ನಿಂತಿತು. ಕಾಕಿ ವಿಜಾಪುರದಿಂದ ತಂದ ಕಲ್ಲು, ಕಾಕಿಯ ಮನೆಯಲ್ಲಿ, ಕಾಕಿಯ ಮೊಮ್ಮಗಳ ಕೈಯಲ್ಲಿ, ನನ್ನ ಹೆಸರಿಗೆ ನಿಂತಿತು.

ನಾನು ಎದ್ದೆನೋ, ಬಿದ್ದೆನೋ, ಹೋಗಿ ಹುಡುಗಿಯನ್ನು ಸರಿಸಿ ಕೂತೆ. "ತಪ್ಪು. ಹಾಡು ನನ್ನದಲ್ಲ. ಮತ್ತೆ ಬೀಸಬೇಕು," ಅಂದೆ. ಹುಡುಗಿಗೆ ಏನೂ ತಿಳಿಯಲಿಲ್ಲ. ಭೌಜಿ ಗೂಟಕ್ಕೆ ಕೈ ಹಾಕಿದಳು. ನಾನು ಅದೇ ಮೊದಲು ಆ ಕಲ್ಲಿಗೆ ಕೈ ಹಚ್ಚಿದ್ದು. ಇಷ್ಟು ವರ್ಷ ಬೀಸುವ ಹಾಡು ಹಾಡಿದವಳು ಒಂದು ಹಿಡಿ ಜೋಳ ಬೀಸಿರಲಿಲ್ಲ. ನಾಲ್ಕು ಸುತ್ತಿಗೆ ಅಂಗೈ ಉರಿಯಿತು, ಹತ್ತು ಸುತ್ತಿಗೆ ತೋಳು ಸೋತಿತು. ಹಾಡಿದೆ. ದಮ್ಮು ಸಾಲದೆ ದನಿ ಒಡೆಯಿತು, ತಾನ ಗೀನ ಎಲ್ಲ ಎಲ್ಲಿಯೋ ಹೋಯಿತು. ನಾನು ನಿಂತಲ್ಲಿ ಭೌಜಿ ತನ್ನ ನೈಹರಿನ ನುಡಿ ಹಾಡಿ ಎತ್ತಿಕೊಂಡಳು. ಎಂಟು ವರ್ಷದ ಮೇಲೆ ಆ ಮನೆಯಲ್ಲಿ ಎರಡೂ ಭಾಷೆ ಒಂದೇ ಕಲ್ಲಿನ ಸುತ್ತ ತಿರುಗಿದವು.

ಜೋಳ ಮುಗಿಯುತ್ತ ಬಂತು. "ಹಿಟ್ಟಾತ ಕಲ್ಲವ್ವ" ಅಂದೆ. "ಕೊಟ್ಟಾಕಿ ಹೆಸರ ಹೇಳೇನ" ಅಂದೆ. ಕೇಳಿ ನಿಂತು ದಣಿವಾರಿಸಿಕೋ ಅಂದೆ. ಬಾಯಿ ತೆರೆದೆ.

ಹೆಸರು ನನಗೆ ಗೊತ್ತಿರಲಿಲ್ಲ.

ಹದಿಮೂರು ವರ್ಷ. ಕಾಕಿ, ಕಾಕಿ, ಕಾಕಿ. ಒಂದು ದಿನ ಕೇಳಿರಲಿಲ್ಲ. ಆಕೆಯ ಸೋದರತ್ತೆಯ ಹೆಸರು ಗೊತ್ತು, ಭೌಜಿಯ ನಾನಿಯ ಹೆಸರು ಗೊತ್ತು, ಆಕೆಯದು ಗೊತ್ತಿಲ್ಲ. ಆ ದಿನ ಧೈರ್ಯ ಮಾಡಿ ಹೇಳಹೊರಟಿದ್ದರೂ ವೇದಿಕೆಯ ಮೇಲೆ ಹೇಳಲಿಕ್ಕೆ ನನ್ನ ಹತ್ತಿರ ಹೆಸರೇ ಇರಲಿಲ್ಲ! ಮುಚ್ಚಿಟ್ಟೆ ಅಂತ ಇಷ್ಟು ವರ್ಷ ಒಳಗೊಳಗೇ ನವೆಯುತ್ತಿದ್ದೆನಲ್ಲ, ಮುಚ್ಚಿಡಲಿಕ್ಕೂ ನನ್ನಲ್ಲಿ ಏನೂ ಇರಲಿಲ್ಲ. ಕೈ ತೆಗೆಯುವಂತಿಲ್ಲ. ಕಲ್ಲು ತಿರುಗಿಸುತ್ತಲೇ ಇದ್ದೆ. ಜೋಳವಿಲ್ಲದ ಕಲ್ಲು ಕಲ್ಲಿಗೇ ಉಜ್ಜಿ ಕರಕರ ಅನ್ನತೊಡಗಿತು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆಕೆಗೆ ಈಗ ತಿಳಿಯುತ್ತ ಬಂದಿತ್ತು.

ಕಡೆಗೆ ಭೌಜಿಯನ್ನು ಕೇಳಿದೆ. ಹಿಂದಿಯಲ್ಲಿ, ತಲೆ ತಗ್ಗಿಸಿ. "ಉನಕಾ ನಾಮ್ ಕ್ಯಾ ಥಾ?"

ಭೌಜಿ ಹೇಳಿದಳು. ಕನ್ನಡದ ಹೆಸರು, ಆಕೆಯ ಬಾಯಲ್ಲಿ ಚೂರು ಬಾಗಿ ಬಂತು. ನಾನು ಅದನ್ನು ಹಾಗೆಯೇ ತೆಗೆದುಕೊಂಡು, ಆಕೆ ಅಂಬಕ್ಕನನ್ನು ಕೂಗುತ್ತಿದ್ದ ಹಾಗೆ, ಒಂದೇ ಸಲ ಕೂಗಿದೆ. ಕಲ್ಲು ನಿಂತಿತು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದನ್ನೂ ನಾನೇ ಕೊಟ್ಟ ಹಾಗಾಗುತ್ತದೆ. ಕಲ್ಲಿನ ಮೇಲೆ ಕೈಯಿಟ್ಟೇ ಹೇಳಬೇಕಾದದ್ದು ಅದು. ಈ ಬೇಸಿಗೆಯ ಉತ್ಸವಕ್ಕೆ ಭೌಜಿ, ಹುಡುಗಿ ಕಲ್ಲಿನ ಜೊತೆ ಹೋಗುತ್ತಾರೆ. ಅರ್ಜಿಯಲ್ಲಿ ಅವರಿಬ್ಬರ ಹೆಸರು ಬರೆದುಕೊಟ್ಟಿದ್ದೇನೆ. ನಾನು ಮೆಟ್ಟಿಲ ಮೇಲೆ ಕೂತು ಕೇಳುತ್ತೇನೆ.

ಆ ದಿನ ನಾನು ಎದ್ದು ಚಪ್ಪಲಿ ಹುಡುಕುತ್ತಿದ್ದಾಗ ಸೊಸೆ ಹಿಟ್ಟು ಬಳಿದುಕೊಂಡು ಒಳಗೆ ಹೋಗಿದ್ದಳು. ಅಲ್ಲಿಂದಲೇ, "ಹಂಗಽ ಹೋಗಬ್ಯಾಡ್ರಿ, ರೊಟ್ಟಿ ಹಾಕ್ಲಿಕ್ಕೆ ಹತ್ತೇನಿ. ಅಮ್ಮ ಇದ್ದಿದ್ರ ಬಿಡ್ತಿದ್ದಿಲ್ಲ," ಅಂದಳು.

ಕೂತೆ. ತಾಟು ಮುಂದೆ ಬಂತು. ಉಂಡೆ.